ದೇವರನ್ನು ನಂಬದವರು ಸಂಜೆ ಹೊತ್ತು ಎಲ್ಲಿಗೆ ಹೋಗಬೇಕು?

ತುಂಗಾ ದಂಡೆ (ಶಿವಮೊಗ್ಗ)

ಮೊದಲೇ ಹೇಳಿಬಿಡುತ್ತೇನೆ, ದೇವರು ಇದ್ದಾನೋ ಇಲ್ಲವೋ ಅನ್ನೋ ಜಗಳ ಇಲ್ಲಿ ಬೇಡ. ಅದಕ್ಕೆ ಬೇರೆ ಕಡೆ ಬೇಕಾದಷ್ಟು ಜಾಗ ಇದೆ.

ನಮ್ಮಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಕಂಬ ಹತ್ತಿ ಹತ್ತಿ ಮೊಣಕಾಲು ಸವೆದಿದೆ, ಮಾತು ಮಾತ್ರ ಇನ್ನೂ ಚುರುಕು. ವಯಸ್ಸಿನಲ್ಲಿದ್ದಾಗಿನಿಂದಲೂ ಪೂಜೆ, ಹರಕೆ ಅಂದರೆ ದೂರ. ಹಾಗಂತ ಯಾರ ಮೇಲೂ ಹೇರಿದವರಲ್ಲ. ಅಮ್ಮನ ದೇವರ ಮನೆಗೆ ದೀಪಾವಳಿಯಲ್ಲಿ ಸೀರಿಯಲ್ ಸೆಟ್ ಕಟ್ಟಿಕೊಡುವವರು ಅಪ್ಪನೇ. ಕೆಲಸ ಇರುವ ತನಕ ಏನೂ ತೊಂದರೆ ಕಾಣಲಿಲ್ಲ. ಈಗ ಕಾಣುತ್ತಿದೆ. ಅಮ್ಮ ವಾರದಲ್ಲಿ ಮೂರು ದಿನ ಭಜನಾ ಮಂಡಳಿಗೆ ಹೋಗಿ ಬರುತ್ತಾರೆ. ಬರುವಾಗ ಮುಖದಲ್ಲಿ ಕಳೆ, ಬಾಯ್ತುಂಬ ಸುದ್ದಿ. ಅಪ್ಪನ ಜೊತೆಯವರೂ ಒಬ್ಬೊಬ್ಬರಾಗಿ ಮಠ, ಗುಡಿ, ಪ್ರವಚನ ಅಂತ ಸೇರಿಕೊಂಡರು. ಅಪ್ಪ ಟಿವಿ ಮುಂದೆ. "ಇನ್ನು ನಾನು ಯಾಕೆ ಇರಬೇಕು ಹೇಳು" ಅಂತ ಮೊನ್ನೆ ನಗುತ್ತಾ ಅಂದರು. ನನಗೆ ನಗು ಬರಲಿಲ್ಲ.

ನಾನೂ ಅಪ್ಪನ ದಾರಿಯವಳೇ. ನಲವತ್ತು ದಾಟಿದೆ. ಬ್ಯಾಂಕ್ ಕೆಲಸ, ಮಗಳ ಓದು ಅಂತ ದಿನ ಹೋಗುತ್ತದೆ. ಇವೆರಡೂ ಮುಗಿದ ಮೇಲೆ ನನ್ನ ಗತಿಯೂ ಅದೇನಾ? ನಂಬಿಕೆ ಇಲ್ಲದವರು ಬದುಕಿಗೆ ಒಂದು ಅರ್ಥ, ಒಂದು ಗುರಿ ಅಂತ ಏನನ್ನು ಇಟ್ಟುಕೊಂಡಿದ್ದೀರಿ? ಪುಸ್ತಕದ ಮಾತು ಬೇಡ. ನೀವು ನಿಜವಾಗಿ ಏನು ಮಾಡುತ್ತೀರಿ ಅಂತ ಹೇಳಿ.

ಕೆಂಪು ಬಸ್ಸು

ಒಂದು ನಾಯಿ ತಂದುಕೊಡಿ ಮೇಡಂ. ದಿನಕ್ಕೆ ಎರಡು ಸಲ ಹೊರಗೆ ಹೋಗಲೇಬೇಕಾಗುತ್ತದೆ. ತಮಾಷೆಗೆ ಹೇಳುತ್ತಿಲ್ಲ.

ಲೋಕಾಯತ

ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ವಾದ. ಬದುಕಿಗೆ ಒಂದು ದೊಡ್ಡ ಅರ್ಥ ಇರಲೇಬೇಕು ಅಂತ ಹೇಳಿಕೊಟ್ಟವರೇ ಧರ್ಮದವರು. ದೇವರನ್ನು ಬಿಟ್ಟ ಮೇಲೆ ಆ ಪ್ರಶ್ನೆಯನ್ನೂ ಬಿಡಬೇಕಲ್ವಾ? ಒಳ್ಳೆ ಊಟ, ಒಳ್ಳೆ ನಿದ್ದೆ, ನಾಲ್ಕು ಜನ ಸ್ನೇಹಿತರು. ಇನ್ನೇನು ಬೇಕು? ದೇವರು, ಪರಲೋಕ ಯಾವುದನ್ನೂ ಒಪ್ಪದ ನಮ್ಮ ಹಳೆಯ ಚಿಂತಕರು, ಚಾರ್ವಾಕರು, ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಇದನ್ನು ಹೇಳಿ ಮುಗಿಸಿದ್ದಾರೆ.

ಗೌರಿಬಿದನೂರು ಮೇಷ್ಟ್ರು

ಲೋಕಾಯತ ಅವರೇ, ಚಾರ್ವಾಕರು ಹೇಳಿದ್ದು ಏನು ಅಂತ ನಮಗೆ ಗೊತ್ತಿರೋದು ಬಹುತೇಕ ಅವರ ವಿರೋಧಿಗಳ ಬರಹದಿಂದ. ಅವರದೇ ಗ್ರಂಥಗಳು ಉಳಿಯಲಿಲ್ಲ. ಸಾಲ ಮಾಡಿಯಾದರೂ ತುಪ್ಪ ತಿನ್ನು ಅನ್ನೋ ಮಾತು ಇದೆಯಲ್ಲ, ಅದೂ ವಿಜಯನಗರದ ಕಾಲದ ಮಾಧವರು ಎಲ್ಲ ದರ್ಶನಗಳನ್ನೂ ಒಟ್ಟು ಮಾಡಿ ಬರೆದ ಗ್ರಂಥದಲ್ಲಿ ಬರುತ್ತದೆ. ಅದರ ಮೊದಲ ಅಧ್ಯಾಯವೇ ಚಾರ್ವಾಕರದ್ದು, ಖಂಡಿಸೋದಕ್ಕೆ. ಎದುರು ಪಾರ್ಟಿಯ ಭಾಷಣ ಕೇಳಿ ಒಬ್ಬರ ಪ್ರಣಾಳಿಕೆ ತಿಳಿಯೋಕಾಗುತ್ತಾ?

ಇನ್ನು ಶಿವಮೊಗ್ಗದ ತಂಗಿಯ ಪ್ರಶ್ನೆಗೆ ಬರುತ್ತೇನೆ. ನನಗೆ ಉತ್ತರ ಸಿಕ್ಕಿದ್ದು ಒಬ್ಬ ಮನುಷ್ಯರನ್ನು ನೋಡಿ. ಎಚ್. ನರಸಿಂಹಯ್ಯ. ನಮ್ಮ ತಾಲ್ಲೂಕಿನ ಹೊಸೂರಿನವರು, ಹುಟ್ಟಿದ್ದು 1920ರಲ್ಲಿ. ಕಡುಬಡತನ. ಬೆಂಗಳೂರಿಗೆ ಓದಲು ಹೋಗಲು ಬಸ್ ಚಾರ್ಜಿಗೆ ದುಡ್ಡಿಲ್ಲದೆ ನಡೆದುಕೊಂಡೇ ಹೋದವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದರು. ಭೌತಶಾಸ್ತ್ರ ಓದಿದರು, ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಮಾಡಿದರು, ವಾಪಸ್ ಬಂದು ನ್ಯಾಷನಲ್ ಕಾಲೇಜಿನಲ್ಲೇ ಉಳಿದರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ.

ಜನರಿಗೆ ಅವರು ನೆನಪಿರೋದು ಕುಂಬಳಕಾಯಿಯಿಂದ. 1976ರಲ್ಲಿ ಪವಾಡಗಳನ್ನು ಪರಿಶೀಲಿಸೋಕೆ ಒಂದು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಉಂಗುರ, ವಿಭೂತಿ ಬಿಡಿ, ಅಂಗೈಯಲ್ಲಿ ಬಚ್ಚಿಡಲಾಗದ ಕುಂಬಳಕಾಯಿ ಸೃಷ್ಟಿಸಿ ತೋರಿಸಿ ಅನ್ನೋ ಸವಾಲು ಆಗ ಮನೆಮಾತಾಯಿತು. ಸರಿ. ಆದರೆ ಆ ಗಲಾಟೆ ಅವರ ಬದುಕಿನಲ್ಲಿ ತುಂಬಾ ಸಣ್ಣ ಭಾಗ.

ಉಳಿದ ಕಾಲ ಏನು ಮಾಡಿದರು ಅಂತ ನೋಡಿ. ಮದುವೆ ಆಗಲಿಲ್ಲ. ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯೇ ಮನೆ. ಹುಡುಗರ ಜೊತೆ ಊಟ. ಕುಲಪತಿ ಆದಾಗಲೂ ಅದೇ ಖಾದಿ, ಅದೇ ಟೋಪಿ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರ ವಾರ ಒಂದು ಉಪನ್ಯಾಸ, ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಹಿಂದಿನ ಸಾಲಿನಲ್ಲಿ ನಾನೂ ಕೂತು ಕೇಳಿದ್ದೇನೆ. ಪಕ್ಕದಲ್ಲಿ ಟೈಲರ್ ಅಂಗಡಿಯವರು, ಆಚೆ ಪಕ್ಕ ಪೆನ್ಷನ್ ಅಜ್ಜ. ಗೌರಿಬಿದನೂರು, ಬಾಗೇಪಲ್ಲಿ ಥರದ ಒಣ ಊರುಗಳಿಗೆ ಕಾಲೇಜು ತಂದರು. 2005ರಲ್ಲಿ ಹೋಗುವ ತನಕ ಇದೇ ಕೆಲಸ.

ಅವರಿಗೆ ಬದುಕಿನ ಅರ್ಥ ಏನು ಅಂತ ಯಾರಾದರೂ ಕೇಳಿದ್ದರೋ ಇಲ್ಲವೋ, ನನ್ನ ಪ್ರಕಾರ ಆ ಪ್ರಶ್ನೆಗೆ ಅವರಿಗೆ ಪುರುಸೊತ್ತೇ ಇರಲಿಲ್ಲ. ನಿಮ್ಮ ತಂದೆಯವರ ಕೈಯಲ್ಲಿ ಒಂದು ವಿದ್ಯೆ ಇದೆ. ಅದನ್ನು ಯಾರೂ ಕೇಳುತ್ತಿಲ್ಲ, ಅಷ್ಟೇ ಅಲ್ವಾ ಸಮಸ್ಯೆ? ಹತ್ತಿರದ ಸರ್ಕಾರಿ ಶಾಲೆಯ ಸ್ವಿಚ್ ಬೋರ್ಡ್‌ಗಳನ್ನು ಒಮ್ಮೆ ಹೋಗಿ ನೋಡಲು ಹೇಳಿ. ನಾನು ಮೂವತ್ತು ವರ್ಷ ಆ ಶಾಲೆಗಳಲ್ಲೇ ಇದ್ದವನು, ಏನು ಕಾಣುತ್ತದೆ ಅಂತ ನನಗೆ ಗೊತ್ತು.

ಲೋಕಾಯತ

ಮೇಷ್ಟ್ರೇ, ಎಚ್.ಎನ್. ಅಂಥವರು ಲಕ್ಷಕ್ಕೊಬ್ಬರು. ಅವರನ್ನು ತೋರಿಸಿ ನಮ್ಮಂಥವರಿಗೆ ಹೀಗಿರಿ ಅನ್ನೋದು, ಸಂಸಾರಸ್ಥರಿಗೆ ಸನ್ಯಾಸಿಯನ್ನು ತೋರಿಸಿದ ಹಾಗೆ ಆಗುತ್ತೆ. ನಾಸ್ತಿಕರಿಗೂ ಒಬ್ಬ ಸ್ವಾಮೀಜಿ ಬೇಕಾ?

ಗೌರಿಬಿದನೂರು ಮೇಷ್ಟ್ರು

ನಾನು ಅವರ ಹಾಗೆ ಇರಿ ಅನ್ನಲಿಲ್ಲ. ಉಪನ್ಯಾಸ ಕೇಳಲು ಬರುತ್ತಿದ್ದ ಟೈಲರ್ ಹಾಗೆ ಇದ್ದರೂ ಸಾಕು.

ಪದ್ಮಕ್ಕ

ನಾನು ಆಸ್ತಿಕಳು, ಮಧ್ಯೆ ಬಾಯಿ ಹಾಕಬಹುದಾ? ನಮ್ಮದೂ ಒಂದು ಭಜನಾ ಮಂಡಳಿ ಇದೆ. ಒಳಗಿನ ಗುಟ್ಟು ಹೇಳುತ್ತೇನೆ, ನಮ್ಮವರು ಯಾರೂ ಇಲ್ಲಿ ಓದಲ್ಲ ಅನ್ನೋ ಧೈರ್ಯದ ಮೇಲೆ.

ಭಜನೆ ಒಂದು ಗಂಟೆ. ಆಮೇಲೆ ಜಮಖಾನೆ ಮಡಚುತ್ತಾ, ಕೋಸಂಬರಿ ಹಂಚುತ್ತಾ ಇನ್ನೊಂದು ಗಂಟೆ. ನಿಜವಾದ ವ್ಯವಹಾರ ಎಲ್ಲ ನಡೆಯೋದು ಈ ಎರಡನೇ ಗಂಟೆಯಲ್ಲಿ. ಯಾರ ಸೊಸೆಗೆ ತಿಂಗಳು ತುಂಬಿದೆ, ಯಾರಿಗೆ ಬಿಪಿ ಮಾತ್ರೆ ಬದಲಾಯಿಸಿದ್ದಾರೆ, ಯಾರ ಮಗ ಫೋನ್ ಮಾಡಿಲ್ಲ. ಒಬ್ಬರು ಎರಡು ಸಲ ಬರಲಿಲ್ಲ ಅಂದರೆ ಮೂರನೇ ದಿನ ಅವರ ಮನೆ ಬಾಗಿಲಲ್ಲಿ ಇಬ್ಬರು ಹಾಜರ್. ನಮ್ಮಲ್ಲಿ ಒಬ್ಬ ಹಿರಿಯರು ಬಾತ್‌ರೂಮಿನಲ್ಲಿ ಬಿದ್ದಿದ್ದು ಗೊತ್ತಾಗಿದ್ದು ಹಾಗೆಯೇ.

ದೇವರ ಮೇಲೆ ನನಗೆ ನಂಬಿಕೆ ಇದೆ, ಅದನ್ನು ಬಿಟ್ಟುಕೊಡಲ್ಲ. ಆದರೆ ಮಂಡಳಿಯ ಎಲ್ಲರಿಗೂ ನನ್ನಷ್ಟೇ ಇದೆ ಅಂತ ಆಣೆ ಮಾಡಲಾರೆ. ಜನ ಬೇಕು ಅಂತ ಬರುವವರು ಎಷ್ಟೋ ಜನ. ನಿಮ್ಮಪ್ಪನಿಗೆ ಇಲ್ಲದಿರೋದು ದೇವರಲ್ಲಮ್ಮ. ಎರಡು ದಿನ ಕಾಣಿಸದೇ ಇದ್ದರೆ ಯಾಕೆ ಬರಲಿಲ್ಲ ಅಂತ ಕೇಳುವವರು.

ತುಂಗಾ ದಂಡೆ

ಪದ್ಮಕ್ಕ, ಇದನ್ನು ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ.

ಕುಂಬಳೆಯವ (ಕಾಸರಗೋಡು)

ನಮ್ಮ ಕಡೆಯ ಒಂದು ವಿಷಯ ಹೇಳುತ್ತೇನೆ. ನಾವು ಕೇರಳದಲ್ಲಿರುವ ಕನ್ನಡಿಗರು. ಕೇರಳದಲ್ಲಿ ಪಾಲಿಯೇಟಿವ್, ಅಂದರೆ ಗುಣವಾಗದ ಕಾಯಿಲೆಯವರ ನೋವು ಇಳಿಸುವ ಆರೈಕೆ, ಆಸ್ಪತ್ರೆಯ ಮಾತಲ್ಲ, ಬೀದಿಯ ಮಾತು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ಡಾಕ್ಟರುಗಳು, ಸ್ನೇಹಿತರು ಸೇರಿ ಒಂದು ಸಣ್ಣ ಕ್ಲಿನಿಕ್ ಶುರು ಮಾಡಿದರು. ಆ ಆರೈಕೆ ಅಷ್ಟೇ ಉದ್ದೇಶ. ಅಲ್ಲಿಂದ ಊರೂರಿಗೆ ಹಬ್ಬಿತು. 2008ರಲ್ಲಿ ಸರ್ಕಾರ ಅದಕ್ಕೆ ನೀತಿಯನ್ನೇ ಮಾಡಿತು. ಈಗ ಪಂಚಾಯತಿಯಿಂದ ನರ್ಸ್ ಜೀಪಿನಲ್ಲಿ ಮನೆ ಮನೆಗೆ ಬರುತ್ತಾರೆ. ಜೊತೆಗೆ ನಮ್ಮಂಥ ವಾಲಂಟಿಯರುಗಳು.

ನಾನು ದೇವರನ್ನು ನಂಬೋದಿಲ್ಲ. ಜೀಪಿನಲ್ಲಿ ನನ್ನ ಪಕ್ಕ ಕೂರುವವರು ಮಸೀದಿಗೆ ತಪ್ಪದೆ ಹೋಗುವವರು. ಹಿಂದಿನ ಸೀಟಿನಲ್ಲಿ ಭೂತಕೋಲದ ಮನೆತನದವರು. ಯಾರೂ ಯಾರನ್ನೂ ನೀನು ಯಾಕೆ ಬಂದೆ ಅಂತ ಕೇಳಿಲ್ಲ. ಕೇಳೋಕೆ ಟೈಮೂ ಇರಲ್ಲ.

ಕೆಲಸ ಏನು ಅಂದರೆ, ಉದಾಹರಣೆಗೆ ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು. ಸೊಂಟದ ಕೆಳಗೆ, ಮೂಳೆ ಒತ್ತುವ ಕಡೆ ಆಗುತ್ತದೆ. ಮೊದಲು ಬರೀ ಕೆಂಪಗೆ ಇರುತ್ತದೆ, ಮನೆಯವರು ಗಮನಿಸೋದಿಲ್ಲ. ಆಮೇಲೆ ಚರ್ಮ ಒಡೆದು ಒಳಗೆ ಗುಳಿ ಬೀಳುತ್ತದೆ. ವಾಸನೆ ಶುರುವಾದರೆ ಮೊಮ್ಮಕ್ಕಳು ಆ ಕೋಣೆಗೆ ಬರೋದನ್ನು ನಿಲ್ಲಿಸುತ್ತಾರೆ. ನನಗೆ ಅತ್ಯಂತ ಕಷ್ಟ ಅನಿಸೋದು ಅದೇ, ಹುಣ್ಣಲ್ಲ, ಮಕ್ಕಳು ಬಾಗಿಲಲ್ಲೇ ನಿಂತು ಹೋಗೋದು. ನರ್ಸ್ ಹುಣ್ಣು ತೊಳೆದು ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಮೇಲೆ ಉದುರಿಸುತ್ತಾರೆ. ಭೇದಿಗೆ ಕೊಡುತ್ತಾರಲ್ಲ, ಅದೇ ಅಗ್ಗದ ಮಾತ್ರೆ. ಕೆಲವು ದಿನದಲ್ಲಿ ವಾಸನೆ ಇಳಿಯುತ್ತದೆ. ನನ್ನ ಕೆಲಸ ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಳ್ಳೋದು, ಎರಡು ಗಂಟೆಗೊಮ್ಮೆ ಹೇಗೆ ಮಗ್ಗುಲು ಬದಲಿಸಬೇಕು ಅಂತ ಮನೆಯವರಿಗೆ ತೋರಿಸೋದು, ಏರ್‌ಬೆಡ್ಡಿನ ಪಂಪ್ ಕೆಟ್ಟಿದ್ದರೆ ಸರಿ ಮಾಡಿಸಿ ತರೋದು. ಆಮೇಲೆ ಸುಮ್ನೆ ಕೂತು ಮಾತಾಡೋದು. ಕೆಲವರಿಗೆ ದೇವರ ಮಾತೇ ಬೇಕು. ಆಡುತ್ತೇನೆ. ಕೃಷ್ಣನ ಕಥೆ ನನಗೂ ಬರುತ್ತದೆ, ಚಿಕ್ಕಂದಿನಿಂದ ಯಕ್ಷಗಾನ ನೋಡಿದವನು.

ಬದುಕಿಗೆ ಅರ್ಥ ಸಿಕ್ಕಿತಾ ಅಂದರೆ ಗೊತ್ತಿಲ್ಲ. ಶನಿವಾರ ಬೆಳಿಗ್ಗೆ ಎದ್ದಾಗ ಆ ಪ್ರಶ್ನೆ ಬರಲ್ಲ, ಅಷ್ಟು ಹೇಳಬಲ್ಲೆ.

ಲೋಕಾಯತ

ಒಪ್ಪಿದೆ. ಆದರೂ ಕೇಳುತ್ತೇನೆ. ಇದನ್ನೆಲ್ಲ ಮಾಡಬೇಕಾದ್ದು ಸರ್ಕಾರ ಅಲ್ವಾ? ಸೇವೆ ಸೇವೆ ಅಂತ ನಾವು ಮಾಡುತ್ತಾ ಹೋದರೆ ಅವರು ಕೈ ತೊಳೆದುಕೊಳ್ಳುತ್ತಾರೆ.

ಕುಂಬಳೆಯವ

ನಮ್ಮಲ್ಲಿ ಜನ ಶುರು ಮಾಡಿದ್ದಕ್ಕೇ ಸರ್ಕಾರ ಬಂತು ಅಣ್ಣ. ಜೀಪು ಈಗ ಪಂಚಾಯತಿದೇ.

ಹೆಸರು ಬೇಡ (ಬೆಂಗಳೂರು)

ನಿಮ್ಮೆಲ್ಲರಿಗಿಂತ ಚಿಕ್ಕವನು, 24 ವರ್ಷ. ಪಿಜಿಯಲ್ಲಿ ಇದ್ದೇನೆ. ಕಾಲೇಜಿನಲ್ಲಿರುವಾಗ ನಂಬಿಕೆ ಹೋಯಿತು. ಮೊದಮೊದಲು ಹಗುರ ಅನಿಸಿತ್ತು. ಈಗ ಕೆಲವು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ರಾತ್ರಿ ಮೂರರ ತನಕ ನಿದ್ದೆ ಬರಲ್ಲ. ಊಟ ಸೇರಲ್ಲ. ಕ್ರಿಕೆಟ್ ಅಂದರೆ ಪ್ರಾಣ ಬಿಡುತ್ತಿದ್ದೆ, ಈಗ ಸ್ಕೋರ್ ಕೂಡ ನೋಡಲ್ಲ. ಎಲ್ಲದಕ್ಕೂ ಅರ್ಥ ಇಲ್ಲ ಅಂತ ಗೊತ್ತಾದ ಮೇಲೆ ಹೀಗೇ ಇರಬೇಕಾ? ಅಮ್ಮನಿಗೆ ಹೇಳಿದರೆ ಧರ್ಮಸ್ಥಳಕ್ಕೆ ಹೋಗಿ ಬಾ ಅಂತಾರೆ.

ಬಿಳಿ ಕೋಟು

ತಮ್ಮಾ, ನಾನು ಮನೋವೈದ್ಯಕೀಯ ವಿಭಾಗದಲ್ಲಿ ಕೆಲಸ ಮಾಡುವವಳು. ನೀನು ಬರೆದದ್ದರಲ್ಲಿ ನಾಸ್ತಿಕತೆಗಿಂತ ನಿದ್ದೆ, ಊಟ, ಕ್ರಿಕೆಟ್ ಇವೇ ನನಗೆ ಜಾಸ್ತಿ ಕಾಣಿಸಿದವು. ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡ ಅನಿಸೋದು, ನಿದ್ದೆ ಹಸಿವು ಕೆಡೋದು, ಇದು ವಾರಗಟ್ಟಲೆ ಇದ್ದರೆ ಅದಕ್ಕೆ ಖಿನ್ನತೆ ಅಂತ ಹೆಸರು, ಅದಕ್ಕೆ ಚಿಕಿತ್ಸೆ ಇದೆ. ಇದು ದಿನಾ ದೀಪ ಹಚ್ಚುವವರಿಗೂ ಬರುತ್ತದೆ. ನಮ್ಮ ಒಪಿಡಿಗೆ ಬರುವವರ ಹಣೆಯಲ್ಲಿ ಕುಂಕುಮ, ವಿಭೂತಿ, ಕೊರಳಲ್ಲಿ ಶಿಲುಬೆ ಎಲ್ಲವೂ ಇರುತ್ತವೆ.

ಇವತ್ತೇ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲೇ ಇದ್ದೀಯ, ನಿಮ್ಹಾನ್ಸ್ ಇದೆ, ಇಲ್ಲ ಹತ್ತಿರದ ಯಾವುದಾದರೂ ಮನೋವೈದ್ಯರ ಹತ್ತಿರ ಹೋಗು. ಸಾಯಬೇಕು ಅನ್ನೋ ಯೋಚನೆ ಬಂದಿದ್ದರೆ ಅದನ್ನು ಬಾಯಿಬಿಟ್ಟು ಹೇಳು, ಮುಚ್ಚಿಡಬೇಡ. ಬದುಕಿನ ಅರ್ಥದ ಚರ್ಚೆ ಎಲ್ಲೂ ಓಡಿ ಹೋಗಲ್ಲ. ನಿದ್ದೆ ಸರಿಯಾದ ಮೇಲೆ ಬಂದು ಜಗಳ ಆಡು.

ಪದ್ಮಕ್ಕ

ಮಗನೇ, ಡಾಕ್ಟರ್ ಹತ್ತಿರ ಹೋಗು. ಧರ್ಮಸ್ಥಳಕ್ಕೆ ಆಮೇಲೆ ಅಮ್ಮನ ಜೊತೆ ಒಮ್ಮೆ ಹೋಗಿ ಬಾ, ಊಟ ಚೆನ್ನಾಗಿರುತ್ತೆ. ಇದಕ್ಕೆ ಲೋಕಾಯತ ಅವರೂ ಬೇಡ ಅನ್ನಲ್ಲ ಅಂದ್ಕೋತೀನಿ.

ಲೋಕಾಯತ

ಊಟದ ವಿಷಯದಲ್ಲಿ ಭಿನ್ನಾಭಿಪ್ರಾಯ ಇಲ್ಲ. ತಮ್ಮಾ, ಫೋನ್ ಮಾಡಿದ ಮೇಲೆ ಇಲ್ಲಿ ಒಂದು ಸಾಲು ಬರಿ.

ಓಸ್ಲೋ ಕನ್ನಡತಿ

ನಾನಿರುವ ದೇಶದಲ್ಲಿ ಇದಕ್ಕೆ ಒಂದು ಸಂಸ್ಥೆಯನ್ನೇ ಕಟ್ಟಿದ್ದಾರೆ, ಅದನ್ನು ಹೇಳಬೇಕು ಅನಿಸಿತು. ನಾರ್ವೆಯಲ್ಲಿ ಚರ್ಚಿನವರು ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ ಒಂದು ದೀಕ್ಷೆ ಕೊಡುತ್ತಾರೆ. ನಮ್ಮ ಉಪನಯನದ ಗದ್ದಲವೇ, ಹೆಣ್ಣುಮಕ್ಕಳಿಗೂ ಇದೆ ಅನ್ನೋದು ವ್ಯತ್ಯಾಸ. ಚರ್ಚಿಗೆ ಹೋಗದ ಮನೆಯ ಮಕ್ಕಳಿಗೆ ಆ ಸಂಭ್ರಮ ತಪ್ಪಬಾರದು ಅಂತ 1951ರಲ್ಲೇ ಧರ್ಮವಿಲ್ಲದ ದೀಕ್ಷೆ ಶುರುವಾಯಿತು. ಈಗ ಅದನ್ನು ನಡೆಸುವ ಮಾನವತಾವಾದಿಗಳ ಸಂಘಕ್ಕೆ ಲಕ್ಷಕ್ಕೂ ಜಾಸ್ತಿ ಸದಸ್ಯರು. ಚರ್ಚಿಗೆ ಕೊಡುವ ಹಾಗೆ ಸರ್ಕಾರ ಇವರಿಗೂ ಸದಸ್ಯರ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ.

ನಮ್ಮ ಮಗ ಅದನ್ನು ಮಾಡಿಕೊಂಡ. ಮೊದಲು ಕೋರ್ಸ್. ಸರಿ ತಪ್ಪು ಹೇಗೆ ನಿರ್ಧಾರ ಮಾಡೋದು, ಸುದ್ದಿ ನಿಜವಾ ಸುಳ್ಳಾ ನೋಡೋದು ಹೇಗೆ, ಗೆಳೆಯರ ಒತ್ತಾಯಕ್ಕೆ ಬೇಡ ಅನ್ನೋದು ಹೇಗೆ, ಹೀಗೆ. ಕೊನೆಗೆ ವಸಂತದಲ್ಲಿ ಟೌನ್ ಹಾಲಿನಲ್ಲಿ ಸಮಾರಂಭ. ಎಲ್ಲರೂ ಅವರವರ ಊರಿನ ಸಾಂಪ್ರದಾಯಿಕ ಉಡುಗೆಯಲ್ಲಿ ಬಂದಿದ್ದರು. ನಮ್ಮತ್ತೆ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಂತ್ರ ಯಾವಾಗ ಅಂತ ಎರಡು ಸಲ ಕೇಳಿದರು.

ಚೆನ್ನಾಗಿತ್ತು. ಆದರೆ ಪದ್ಮಕ್ಕ ಹೇಳಿದ ಆ ಎರಡನೇ ಗಂಟೆ ಇಲ್ಲಿ ಇಲ್ಲ. ಸಮಾರಂಭ ಮುಗಿಯಿತು, ಕೋಟು ಹಾಕಿಕೊಂಡರು, ಹೋದರು. ಎರಡು ವಾರ ಕಾಣದಿದ್ದರೆ ಬಾಗಿಲು ತಟ್ಟುವವರು ಯಾರೂ ಇಲ್ಲ. ಸರ್ಕಾರದ ದುಡ್ಡಿನಿಂದ ಅದೊಂದು ಬರೋದಿಲ್ಲ ಅಂತ ಕಾಣುತ್ತೆ.

ಕೊಪ್ಪದ ಕಾಫಿ

ಸಮಾರಂಭದ ಮಾತು ಬಂತಲ್ಲ, ನಮ್ಮಲ್ಲೂ ಮಂತ್ರಮಾಂಗಲ್ಯ ಇದೆ. ಕುವೆಂಪು ನಾಸ್ತಿಕರಲ್ಲ, ಅದು ನೆನಪಿರಲಿ. ಆದರೆ ಪುರೋಹಿತರು, ಮುಹೂರ್ತ, ವರದಕ್ಷಿಣೆ, ಆಡಂಬರ ಬೇಡ ಅಂತ ಅವರು ರೂಪಿಸಿದ ಪದ್ಧತಿ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು. ನಾವೂ ಹಾಗೇ ಆದೆವು. ಹಾಲ್ ಇಲ್ಲ, ತೋಟದ ಕಣದಲ್ಲಿ. ಓದಲು ಒಂದು ಸಣ್ಣ ಪಠ್ಯ ಕೈಯಲ್ಲಿ ಇತ್ತು, ಅದೇ ದೊಡ್ಡ ಅನುಕೂಲ. ಏನೂ ಇಲ್ಲದೆ ಸುಮ್ನೆ ನಿಂತಿದ್ದರೆ ಕೈ ಎಲ್ಲಿ ಇಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಕಾನೂನಿನ ಪ್ರಕಾರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಂದಣಿ, 30 ದಿನ ಮೊದಲು ನೋಟಿಸ್, ಮೂವರು ಸಾಕ್ಷಿ. ಸಾಕ್ಷಿ ಹಾಕಲು ಬಂದ ನಮ್ಮ ದೊಡ್ಡಪ್ಪ ಜೇಬಿನಲ್ಲಿ ಅಕ್ಷತೆ ತಂದಿದ್ದರು. ಹಾಕಲಿ ಬಿಡಿ ಅಂದೆವು.

ಬಳ್ಳಾರಿ ಬಿಸಿಲು

ಎರಡನೇ ಗಂಟೆ ಬೇಕು ಅನ್ನುವವರು ವಿಜಯವಾಡದ ಗೋರಾ ಅವರ ಕಥೆ ಕೇಳಬೇಕು. ನಮ್ಮ ನೆಂಟರು ಆ ಕಡೆ ಇದ್ದಾರೆ, ಅವರು ಕಟ್ಟಿದ ನಾಸ್ತಿಕ ಕೇಂದ್ರವನ್ನು ಹೋಗಿ ನೋಡಿದ್ದೇನೆ. ಗೋರಾ ಅಂದರೆ ಗೋಪರಾಜು ರಾಮಚಂದ್ರ ರಾವ್, ಸಸ್ಯಶಾಸ್ತ್ರದ ಮೇಷ್ಟ್ರು. ನಾಸ್ತಿಕ ಅಂತ ಕಾಕಿನಾಡದ ಕಾಲೇಜಿನ ಕೆಲಸ ಹೋಯಿತು, ಆಮೇಲೆ ಮಚಲೀಪಟ್ಟಣದ್ದೂ ಹೋಯಿತು. 1940ರಲ್ಲಿ ಮುದುನೂರು ಅನ್ನೋ ಹಳ್ಳಿಯಲ್ಲಿ ಕೇಂದ್ರ ಶುರು ಮಾಡಿದರು, 1947ರಲ್ಲಿ ವಿಜಯವಾಡಕ್ಕೆ ಬಂದರು. ಅವರ ಹೆಂಡತಿ ಸರಸ್ವತಿ ಗೋರಾ ಅವರೂ ಸಾಮಾನ್ಯದವರಲ್ಲ. ಬಸುರಿಯರು ಗ್ರಹಣ ನೋಡಬಾರದು ಅಂತಾರಲ್ಲ, ಅವರು ಬಸುರಿಯಾಗಿದ್ದಾಗಲೇ ಹೊರಗೆ ಬಂದು ನೋಡಿದರು.

ನನಗೆ ಮನಸ್ಸಿಗೆ ಹಿಡಿಸಿದ್ದು ಅವರ ಹುಣ್ಣಿಮೆ ಊಟ. ಹುಣ್ಣಿಮೆ ರಾತ್ರಿ ಎಲ್ಲ ಜಾತಿಯವರೂ ಸೇರಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋದು. ಪೂಜೆ ಇಲ್ಲ, ಭಾಷಣವೂ ಅಷ್ಟೇನೂ ಇಲ್ಲ. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ದಿನಾಂಕ ಯಾರೂ ನೆನಪಿಸಬೇಕಾಗಿಲ್ಲ, ತಲೆ ಎತ್ತಿ ನೋಡಿದರೆ ಸಾಕು. ಗಾಂಧಿ ಜೊತೆಗೂ ಅವರಿಗೆ ಒಡನಾಟ ಇತ್ತು, ದೇವರ ಬಗ್ಗೆ ಎದುರೆದುರೇ ಚರ್ಚೆ ಮಾಡಿದರು. ಗೋರಾ ಮಗಳನ್ನು ದಲಿತ ಹುಡುಗನಿಗೆ ಮದುವೆ ಮಾಡಿಕೊಡಲು ಹೊರಟಾಗ ಸೇವಾಗ್ರಾಮದಲ್ಲಿ ನಾನೇ ನಡೆಸಿಕೊಡುತ್ತೇನೆ ಅಂತ ಗಾಂಧಿ ಒಪ್ಪಿದ್ದರು. ಅಷ್ಟರಲ್ಲಿ ಅವರನ್ನು ಕೊಂದರು. 1948ರಲ್ಲೇ, ಅವರಿಲ್ಲದೆ, ಅದೇ ಸೇವಾಗ್ರಾಮದಲ್ಲಿ ಮದುವೆ ಆಯಿತು.

ಬಳ್ಳಾರಿಯಲ್ಲಿ ನಾವು ಕೆಲವು ಮನೆಯವರು ಈಗ ಹುಣ್ಣಿಮೆ ಊಟ ಮಾಡುತ್ತೇವೆ, ತಾರಸಿ ಮೇಲೆ. ಅವರವರ ಮನೆಯಿಂದ ಒಂದೊಂದು ಅಡುಗೆ. ಮೇ ತಿಂಗಳಲ್ಲಿ ಮಾತ್ರ ಕೇಳಬೇಡಿ, ರಾತ್ರಿಯೂ ತಾರಸಿ ಸುಡುತ್ತಿರುತ್ತದೆ.

ಕೆಂಪು ಬಸ್ಸು

ಮುಂದಿನ ಹುಣ್ಣಿಮೆಗೆ ನಾನು ಬಳ್ಳಾರಿಯಲ್ಲಿ. ಒಗ್ಗರಣೆ ಮಂಡಕ್ಕಿ ನನ್ನ ಲೆಕ್ಕ.

ತುಂಗಾ ದಂಡೆ

ಮೇಷ್ಟ್ರೇ, ವರದಿ ಒಪ್ಪಿಸುತ್ತಿದ್ದೇನೆ. ಅಪ್ಪನನ್ನು ಪಕ್ಕದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋದೆ. ಮೊದಲು ಬರಲ್ಲ ಅಂದರು. ಮೇನ್ ಬೋರ್ಡ್ ನೋಡಿದ ಕೂಡಲೇ ಬೈಗುಳ ಶುರು. ಫ್ಯೂಸ್ ಹೋಗುತ್ತೆ ಅಂತ ಯಾರೋ ಕಿಟ್‌ಕ್ಯಾಟಿಗೆ (ಫ್ಯೂಸ್ ವೈರು ಕಟ್ಟುವ ಪಿಂಗಾಣಿ ಹಿಡಿಕೆ) ದಪ್ಪ ತಾಮ್ರದ ತಂತಿ ಸುತ್ತಿದ್ದರು. ಅಂದರೆ ಶಾರ್ಟ್ ಆದರೆ ಫ್ಯೂಸ್ ಹಾರೋದಿಲ್ಲ, ಗೋಡೆಯೊಳಗಿನ ವೈರೇ ಹೊತ್ತಿಕೊಳ್ಳುತ್ತದೆ. ಅರ್ಥಿಂಗ್ ಕೊಳವೆಯ ಹತ್ತಿರ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಹೆಡ್‌ಮೇಡಂಗೆ ಚೀಟಿ ಬರೆದುಕೊಟ್ಟರು, ಏನೇನು ತರಬೇಕು ಅಂತ.

ಎಂಟನೇ ಕ್ಲಾಸಿನ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಸರಿಯಾದ ಫ್ಯೂಸ್ ವೈರು, ಆ ದಪ್ಪ ತಂತಿ ಎರಡನ್ನೂ ಅಂಗೈ ಮೇಲೆ ಇಟ್ಟು ತೋರಿಸಿದರು. "ಇದು ಸಾಯೋದಕ್ಕೇ ಇರೋದು ಕಣ್ರೋ, ಇದು ಸಾಯದಿದ್ದರೆ ನೀವು ಸಾಯ್ತೀರ" ಅಂದರು. ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಈಗ ವಾರಕ್ಕೆ ಎರಡು ಬೆಳಿಗ್ಗೆ ಹೋಗುತ್ತಾರೆ. ಬೇರೆ ಶಾಲೆಯವರೂ ಕರೆದಿದ್ದಾರೆ.

ಸಂಜೆ ಮಾತ್ರ ಈಗಲೂ ಟಿವಿಯೇ. ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ.

ಗೌರಿಬಿದನೂರು ಮೇಷ್ಟ್ರು

ಆ ವಾಕ್ಯವನ್ನು ನಾನು ಕ್ಲಾಸಿನಲ್ಲಿ ಕದಿಯುತ್ತೇನೆ ಅಂತ ಅವರಿಗೆ ಹೇಳಿ. ನಿವೃತ್ತ ಆಗಿದ್ದರೂ ಟ್ಯೂಷನ್ ಹುಡುಗರು ಇದ್ದಾರೆ.

ಹೆಸರು ಬೇಡ

ಫೋನ್ ಮಾಡಿದೆ. ಡಾಕ್ಟರ್ ಹತ್ತಿರವೂ ಹೋಗಿ ಬಂದೆ. ಮಾತ್ರೆ ಶುರುವಾಗಿದೆ. ಇಷ್ಟೇ ಸದ್ಯಕ್ಕೆ.

ಬಿಳಿ ಕೋಟು

ಸಾಕು. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ಮಧ್ಯೆ ನಿಲ್ಲಿಸಬೇಡ.

ತುಂಗಾ ದಂಡೆ

ಇನ್ನೊಂದು ವಿಷಯ ಎದ್ದಿದೆ. ಅಪ್ಪ ಹುಮ್ಮಸ್ಸಿನಲ್ಲಿ ಈಗ ಸತ್ತ ಮೇಲೆ ದೇಹ ಮೆಡಿಕಲ್ ಕಾಲೇಜಿಗೆ ಕೊಡಬೇಕು, ತಿಥಿ ಗಿಥಿ ಏನೂ ಬೇಡ ಅಂತಿದ್ದಾರೆ. ಅಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. ಗತಿ ಕಾಣದೆ ಅಲೆಯಬೇಕಾ ಅಂತ ಅಳುತ್ತಾರೆ.

ಐ ಬ್ಯಾಂಕ್ ಹುಡುಗ

ಮೊದಲು ಕಣ್ಣಿನಿಂದ ಶುರು ಮಾಡಿ ಅಕ್ಕ, ಅದಕ್ಕೆ ಮನೆಯವರು ಸುಲಭವಾಗಿ ಒಪ್ಪುತ್ತಾರೆ. ರಾಜ್‌ಕುಮಾರ್ 2006ರಲ್ಲಿ ಕೊಟ್ಟರು, 2021ರಲ್ಲಿ ಪುನೀತ್ ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗವನ್ನು, ಪದರ ಪದರವಾಗಿ ಬಿಡಿಸಿ ಬೇರೆ ಬೇರೆಯವರಿಗೆ ಹಾಕಿದ್ದರಿಂದ ಎರಡು ಕಣ್ಣು ನಾಲ್ಕು ಜನರಿಗೆ ಆಯಿತು. ಆಮೇಲೆ ನಮಗೆ ಬಂದ ಫೋನುಗಳು ಲೆಕ್ಕಕ್ಕಿಲ್ಲ.

ಕನ್ನಡಕ ಇದ್ದರೂ, ಪೊರೆ ಆಪರೇಷನ್ ಆಗಿದ್ದರೂ, ಎಷ್ಟೇ ವಯಸ್ಸಾಗಿದ್ದರೂ ಕೊಡಬಹುದು. ಜೀವ ಹೋದ ಆರು ಗಂಟೆಯೊಳಗೆ ತೆಗೆಯಬೇಕು, ಹಾಗಾಗಿ ಬೇಗ ಫೋನ್ ಮಾಡಿ. ನಾವು ಬರುವ ತನಕ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆಫ್ ಮಾಡಿ, ಗಾಳಿಗೆ ಕಣ್ಣು ಒಣಗುತ್ತದೆ. ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರಿಸಿ. ನಮ್ಮ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರ ಆಗಲ್ಲ. ಕಾರ್ಯ ಮಾಡುವವರು ಆಮೇಲೆ ಮಾಡಿಕೊಳ್ಳಬಹುದು.

ಕಣ್ಣು ಕೊಟ್ಟ ಮೇಲೂ ದೇಹವನ್ನು ಕಾಲೇಜಿನವರು ತೆಗೆದುಕೊಳ್ಳುತ್ತಾರೆ. ಪೋಸ್ಟ್‌ಮಾರ್ಟಂ ಆಗಿದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳಲ್ಲ. ಅನಾಟಮಿ ವಿಭಾಗದಲ್ಲಿ ಫಾರ್ಮ್ ಕೇಳಿ. ಮನೆಯವರ ಸಹಿ ಮುಖ್ಯ, ಯಾಕೆಂದರೆ ಫೋನ್ ಮಾಡಬೇಕಾದವರು ಅವರೇ.

ಹುಬ್ಬಳ್ಳಿ ಕಾಕಾ

ನೆಹರೂ ಅವರ ಉಯಿಲು ನೆನಪಾಯಿತು. ನಾನು ಸತ್ತ ಮೇಲೆ ಯಾವ ಧಾರ್ಮಿಕ ವಿಧಿಯೂ ಬೇಡ ಅಂತ 1954ರಲ್ಲೇ ಬರೆದಿಟ್ಟಿದ್ದರು. ಬೂದಿಯಲ್ಲಿ ಒಂದು ಹಿಡಿ ಗಂಗೆಗೆ ಹಾಕಿ, ಅದು ಧರ್ಮಕ್ಕಲ್ಲ, ಚಿಕ್ಕಂದಿನಿಂದ ಆ ನದಿಯ ಮೇಲಿರುವ ಪ್ರೀತಿಗೆ. ಉಳಿದದ್ದನ್ನು ವಿಮಾನದಿಂದ ರೈತರ ಹೊಲಗಳ ಮೇಲೆ ಚೆಲ್ಲಿ ಅಂದಿದ್ದರು. 1964ರಲ್ಲಿ ಹೋದಾಗ ಮಂತ್ರ, ವಿಧಿ ಎಲ್ಲ ಆದವು. ದೇಶದ ಪ್ರಧಾನಿ ಬರೆದಿಟ್ಟ ಕಾಗದದ್ದೇ ಆ ಗತಿ, ಲೈನ್‌ಮನ್‌ ಕಾಗದದ್ದು ಏನು ಹೇಳೋಣ?

ಹಾಗಾಗಿ ಕಾಗದ ಬರೆಯೋದಕ್ಕಿಂತ ಮೊದಲು ನಿಮ್ಮಮ್ಮನ ಜೊತೆ ಕೂತು ಮಾತಾಡಲಿ. ಈ ವಿಷಯದಲ್ಲಿ ಗಂಡಸರು ಮನೆಯಲ್ಲಿ ಘೋಷಣೆ ಮಾಡುತ್ತಾರೆ, ಮಾತಾಡೋದಿಲ್ಲ.

ಲೋಕಾಯತ

ಕಾಕಾ, ಇಲ್ಲಿ ಮಾತ್ರ ನಾನು ಬಗ್ಗಲ್ಲ. ಒಬ್ಬ ಮನುಷ್ಯ ಬದುಕಿಡೀ ಒಂದು ನಿಲುವಿನಲ್ಲಿ ಇದ್ದು, ಸತ್ತ ಮರುದಿನ ಅವನ ಹೆಸರಲ್ಲಿ ಪಿಂಡ ಇಟ್ಟರೆ ಅದು ಅವಮಾನ ಅಲ್ವಾ? ಅವನ ಬದುಕಿನ ಅರ್ಥವನ್ನೇ ಅಳಿಸಿದ ಹಾಗೆ.

ಪದ್ಮಕ್ಕ

ನಲವತ್ತು ವರ್ಷ ಅವರ ಅಡುಗೆ ಮಾಡಿ, ಬಟ್ಟೆ ಒಗೆದು, ಕಂಬ ಹತ್ತಿದ ದಿನಗಳಲ್ಲೆಲ್ಲ ದೇವರಿಗೆ ದೀಪ ಹಚ್ಚಿ ಕಾದವರು ಆ ಅಮ್ಮ. ಅವರ ಬದುಕಿಗೂ ಒಂದು ಅರ್ಥ ಇದೆಯಲ್ಲಪ್ಪ. ದೇಹ ಕಾಲೇಜಿಗೆ ಹೋಗಲಿ, ಹದಿಮೂರನೇ ದಿನ ಅವರಿಗೆ ಬೇಕಾದವರನ್ನು ಕರೆದು ಊಟ ಹಾಕಲಿ. ಎರಡೂ ಆಗಬಾರದು ಅಂತ ಎಲ್ಲಿ ಬರೆದಿದೆ?

ತುಂಗಾ ದಂಡೆ

ಫಾರ್ಮ್ ತಂದಿದ್ದೇನೆ. ಕಣ್ಣಿಗೆ ಅಮ್ಮ ಒಪ್ಪಿದರು, ಅಪ್ಪು ಹೆಸರು ಹೇಳಿದ್ದೇ ತಡ. ದೇಹದ ಫಾರ್ಮಿಗೆ ಸಹಿ ಹಾಕಿಲ್ಲ, ಯೋಚನೆ ಮಾಡ್ತೀನಿ ಅಂದಿದ್ದಾರೆ. ಮಾತಾಡೋಕೆ ಶುರು ಮಾಡಿದ್ದಾರೆ, ಅದೇ ದೊಡ್ಡದು. ಕಾಕಾ, ನಿಮ್ಮ ಮನೆಯಲ್ಲಿ ಹೇಗೆ ಒಪ್ಪಿಸಿದಿರಿ?

ಹುಬ್ಬಳ್ಳಿ ಕಾಕಾ

ಒಪ್ಪಿಸಿಲ್ಲ ತಂಗಿ. ನಮ್ಮಾಕೆಯೂ ಕಣ್ಣಿಗೆ ಹೂಂ ಅಂದಳು, ದೇಹಕ್ಕೆ ಊಹೂಂ. ಉಳಿದದ್ದು ಆಕೆ ಹೇಳಿದ ಹಾಗೆ ಆಗಲಿ ಅಂತ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ.

ಲೋಕಾಯತ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಕಾಕಾ.

ಹುಬ್ಬಳ್ಳಿ ಕಾಕಾ

ಗೊತ್ತಿತ್ತು. ಬಳ್ಳಾರಿಗೆ ಬಾ, ತಾರಸಿ ಮೇಲೆ ಜಗಳ ಆಡೋಣ.